ಮೊದಲು ಬೀದಿ, ಆಮೇಲೆ ಬೀಜ: ಡೆಟ್ರಾಯಿಟ್‌ನ ಖಾಲಿ ಸೈಟಿನಲ್ಲಿ ಸಮುದಾಯ ತೋಟ ಮಾಡುವ ಕ್ರಮ

ಪ್ರತಿ ವರ್ಷ ಮಾರ್ಚ್ ಹೊತ್ತಿಗೆ ಯಾರಾದರೊಬ್ಬರು ಫೋನ್ ಮಾಡುತ್ತಾರೆ. "ಹೋದ ವರ್ಷ ಡೆಟ್ರಾಯಿಟ್‌ನ ಒಂದು ಖಾಲಿ ಸೈಟಿನಲ್ಲಿ ಹತ್ತು ಮಡಿ ಕಟ್ಟಿಕೊಟ್ಟೆವು. ಜುಲೈನಲ್ಲಿ ಹೋಗಿ ನೋಡಿದರೆ ಮೊಣಕಾಲುದ್ದ ಕಳೆ. ಆ ಬೀದಿಯವರು ಒಬ್ಬರೂ ಬಂದಿಲ್ಲ. ಎಲ್ಲಿ ತಪ್ಪಾಯ್ತು?" ಕೇಳುವವರು ಹೆಚ್ಚಾಗಿ ಡೆಟ್ರಾಯಿಟ್ ಹೊರವಲಯದ ಊರುಗಳಾದ ಟ್ರಾಯ್, ನೋವೈ, ಕ್ಯಾಂಟನ್ ಕಡೆಯ ಕನ್ನಡಿಗರು. ಮನಸ್ಸು ಒಳ್ಳೆಯದು, ಕೈಯೂ ಚುರುಕು. ತಪ್ಪಿರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ.

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಪ್ಪು ಸಮುದಾಯದವರು. ಅಲ್ಲಿನ ಬೀದಿಯ ತೋಟ ಅವರದ್ದು. ನಾವು ಹೋಗುವುದು ಅವರು ಹಿಡಿದ ಕೆಲಸಕ್ಕೆ ಕೈ ಹಚ್ಚಲು. ನಾನೂ ಮೊದಲ ವರ್ಷ ಇದನ್ನು ಅರ್ಥ ಮಾಡಿಕೊಳ್ಳದೆ ಹಲಗೆ, ಮಣ್ಣು, ಸಸಿ ಎಲ್ಲ ಹೊತ್ತುಕೊಂಡು ಹೋಗಿ ಕೈ ಸುಟ್ಟುಕೊಂಡವನೇ.

## ಶುರು ಮಾಡಬೇಕಾದ್ದು ಏಪ್ರಿಲ್‌ನಲ್ಲಲ್ಲ, ಸೆಪ್ಟೆಂಬರ್‌ನಲ್ಲಿ

ಮಾತುಕತೆ, ಕಾಗದಪತ್ರ, ಮಣ್ಣಿನ ಪರೀಕ್ಷೆ, ಈ ಮೂರೂ ನೆಲ ಹೆಪ್ಪುಗಟ್ಟುವ ಮೊದಲೇ ಆಗಬೇಕು. ಚಳಿಗಾಲದಲ್ಲಿ ನೀರಿನ ಲೆಕ್ಕ ಮತ್ತು ಬೀಜದ ಪಟ್ಟಿ. ಮಡಿ ಕಟ್ಟುವುದು ಏಪ್ರಿಲ್‌ಗೆ. ಏಪ್ರಿಲ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಪರೀಕ್ಷೆಯ ವರದಿ ಬರುವಷ್ಟರಲ್ಲಿ ಬಿತ್ತನೆ ಕಾಲ ಮುಗಿದಿರುತ್ತದೆ. ಆಗ ಜನ ವರದಿಗೆ ಕಾಯದೆ ಬಿತ್ತಿಬಿಡುತ್ತಾರೆ.

ಸಾಮಾನು ಹೆಚ್ಚೇನೂ ಬೇಡ. ಎರಡು ಸಲಿಕೆ, ಒಂದು ಹಾರೆ, ಒಂದು ಗುದ್ದಲಿ, ಗಟ್ಟಿ ಚಕ್ರದ ತಳ್ಳುಗಾಡಿ, ಕುಂಟೆ, ದಪ್ಪ ಕೈಗವಸು, ಪ್ಲಾಸ್ಟಿಕ್ ಬಕೆಟ್, ಅಳತೆ ಟೇಪು, ಸ್ಕ್ರೂ ಹಾಕುವ ಡ್ರಿಲ್. ಮಡಚುವ ಕುರ್ಚಿ ನಾಲ್ಕು ಇರಲಿ. ಮೊದಲು ಬೇಕಾಗುವುದು ಅವೇ.

## ಹಂತ 1: ಕುರ್ಚಿ ಹಾಕಿ ಕೂತುಕೊಳ್ಳಿ

ಸೈಟಿನ ಎಡಬಲದ ಮನೆ, ಎದುರು ಮನೆ, ಹಿಂದಿನ ಓಣಿಯ ಮನೆ, ಇಷ್ಟಕ್ಕೂ ಹೋಗಿ ಬಾಗಿಲು ತಟ್ಟಿ. ಕೈಯಲ್ಲಿ ನಕ್ಷೆ ಬೇಡ. "ಇಲ್ಲಿ ತೋಟ ಮಾಡ್ತೀವಿ" ಅನ್ನಬೇಡಿ. "ಈ ಜಾಗ ಈಗ ಯಾರು ನೋಡ್ಕೊಳ್ತಿದ್ದಾರೆ?" ಅಂತ ಕೇಳಿ. ಖಾಲಿ ಸೈಟು ಅಂದರೆ ಯಾರೂ ದಿಕ್ಕಿಲ್ಲದ ಜಾಗ ಅಂತ ಅಂದುಕೊಳ್ಳುವುದೇ ಮೊದಲ ತಪ್ಪು. ಎಷ್ಟೋ ಕಡೆ ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ಖರ್ಚಿನಲ್ಲೇ ವರ್ಷಗಟ್ಟಲೆ ಅಲ್ಲಿ ಹುಲ್ಲು ಕತ್ತರಿಸಿಕೊಂಡು ಬಂದಿರುತ್ತಾರೆ. ಅವರನ್ನು ಕೇಳದೆ ಸಲಿಕೆ ಹಾಕಿದರೆ ಕತೆ ಅಲ್ಲಿಗೇ ಮುಗಿಯಿತು.

ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಬೇಡಿ. ಹೆಂಗಸರಾದರೆ ಹೆಸರಿನ ಮುಂದೆ 'ಮಿಸ್', ಗಂಡಸರಾದರೆ 'ಮಿಸ್ಟರ್' ಸೇರಿಸುವುದು ಅಲ್ಲಿನ ರೂಢಿ. ಮದುವೆ ಆಗಿದೆಯೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾವು ಅಕ್ಕ, ಅಮ್ಮ ಅನ್ನುವ ಹಾಗೆ ಅಷ್ಟೇ.

ಆ ಕಡೆ ಮೊದಲೇ ಕೆಲಸ ಮಾಡುತ್ತಿರುವವರು ಯಾರು ಅಂತ ನೋಡಿ. ಡೆಟ್ರಾಯಿಟ್ ಬ್ಲ್ಯಾಕ್ ಕಮ್ಯುನಿಟಿ ಫುಡ್ ಸಾವರಿಂಟಿ (ಮೊದಲಿನ ಹೆಸರಿನಲ್ಲಿ ಫುಡ್ ಸೆಕ್ಯುರಿಟಿ) ನೆಟ್‌ವರ್ಕ್ 2006ರಿಂದ ಇದೆ. ಅದರ ಡಿ-ಟೌನ್ ಫಾರ್ಮ್ ರೂಜ್ ಪಾರ್ಕ್‌ನಲ್ಲಿ 7 ಎಕರೆಯಷ್ಟಿದೆ. ಅಲ್ಲಿ ಒಂದಿಷ್ಟು ಶನಿವಾರ ಹೋಗಿ ಹೇಳಿದ ಕೆಲಸ ಮಾಡಿ ಬಂದರೆ, ಕಲಿಯುವುದೂ ಆಗುತ್ತದೆ, ನೀವು ಎಂಥವರು ಅನ್ನುವುದೂ ಅವರಿಗೆ ಗೊತ್ತಾಗುತ್ತದೆ. ಕೀಪ್ ಗ್ರೋಯಿಂಗ್ ಡೆಟ್ರಾಯಿಟ್ ಅನ್ನುವ ಸಂಸ್ಥೆ ನಗರದ ತೋಟಗಳಿಗೆ ಬೀಜ, ಸಸಿ ಒದಗಿಸುತ್ತದೆ. ತೋಟದ ಹೆಸರು ಅಲ್ಲಿ ನೋಂದಾಯಿಸಬಹುದು.

ಎಚ್ಚರಿಕೆಯ ಸೂಚನೆ: ಮೊದಲ ಸಭೆಯಲ್ಲಿ ಬೀದಿಯವರಿಗಿಂತ ಹೊರಗಿನವರೇ ಜಾಸ್ತಿ ಇದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ವಾರಕ್ಕೊಮ್ಮೆ ಬರುತ್ತೇವೆ ಅಂತ ಬಾಯಿಬಿಟ್ಟು ಹೇಳುವ ಐದು ಮನೆ ಸಿಗುವ ತನಕ ಕಾಯಿರಿ. ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಸಿಗಲೇ ಇಲ್ಲವೇ? ಆ ಬೀದಿಗೆ ತೋಟ ಬೇಡ ಅಂತ ಅರ್ಥ. ಅವರಿಗೆ ಬೇಕಿರುವುದು ಬೀದಿದೀಪವೋ, ಬಸ್ ನಿಲ್ದಾಣದಲ್ಲಿ ಕೂರುವ ಬೆಂಚೋ ಇರಬಹುದು.

## ಹಂತ 2: ಜಾಗದ ಕಾಗದ

ಡೆಟ್ರಾಯಿಟ್‌ನಲ್ಲಿ ಹತ್ತಾರು ಸಾವಿರ ಖಾಲಿ ಸೈಟುಗಳು ಡೆಟ್ರಾಯಿಟ್ ಲ್ಯಾಂಡ್ ಬ್ಯಾಂಕ್ ಅಥಾರಿಟಿ ಅನ್ನುವ, ಖಾಲಿ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಕೈಯಲ್ಲಿವೆ. ಉಳಿದವು ಖಾಸಗಿಯವರದ್ದೋ ಬೇರೆ ಸರ್ಕಾರಿ ಕಚೇರಿಯದ್ದೋ ಆಗಿರುತ್ತವೆ. ಪಕ್ಕಪಕ್ಕದ ಎರಡು ಸೈಟಿಗೆ ಇಬ್ಬರು ಬೇರೆ ಬೇರೆ ಮಾಲೀಕರು ಇರುವುದು ತೀರಾ ಮಾಮೂಲು. ಆದ್ದರಿಂದ ವಿಳಾಸ ಬರೆದುಕೊಂಡು ಒಂದೊಂದನ್ನೂ ಬೇರೆಯಾಗಿಯೇ ನೋಡಿ. ಮನೆ ಬಿದ್ದುಹೋದ ಸೈಟಿಗೆ ಬೋರ್ಡೂ ಇರಲ್ಲ, ಬೇಲಿಯೂ ಇರಲ್ಲ. ಗಡಿ ಎಲ್ಲಿ ಅನ್ನುವುದು ಕಾಗದ ನೋಡಿದರೇ ಗೊತ್ತಾಗುವುದು.

ಮನೆಗೆ ತಾಗಿಕೊಂಡಿರುವ ಸೈಟಾದರೆ ದಾರಿ ಸುಲಭ. ಸ್ವಂತ ಮನೆ ಇರುವ ಪಕ್ಕದವರಿಗೆ ಲ್ಯಾಂಡ್ ಬ್ಯಾಂಕ್ ಅಂಥ ಸೈಟನ್ನು 100 ಡಾಲರಿಗೆ ಮಾರುವ ಯೋಜನೆ ನಡೆಸಿಕೊಂಡು ಬಂದಿದೆ. ತೋಟಕ್ಕೆ ಅಂತ ಕೊಳ್ಳುವ ಕಪ್ಪು ರೈತರಿಗೆ ನೆರವಾಗಲು 2020ರಲ್ಲಿ ಶುರುವಾದ ಡೆಟ್ರಾಯಿಟ್ ಬ್ಲ್ಯಾಕ್ ಫಾರ್ಮರ್ ಲ್ಯಾಂಡ್ ಫಂಡ್ ಇದೆ. 2013ರಲ್ಲಿ ನಗರದ ಕೃಷಿ ನಿಯಮ ಬಂದ ಮೇಲೆ ಬೀದಿ ತೋಟಕ್ಕೆ ಕಾನೂನಿನಲ್ಲಿ ಜಾಗ ಸಿಕ್ಕಿದೆ. ಒಂದು ಎಕರೆಯ ಒಳಗಿದ್ದರೆ ತೋಟ, ಅದಕ್ಕಿಂತ ದೊಡ್ಡದಾದರೆ ಫಾರ್ಮ್.

ಯಾರ ಹೆಸರಿಗೆ ಕೊಳ್ಳುವುದು ಅನ್ನುವುದು ಸೂಕ್ಷ್ಮ. ಹೊರಗಿನವರ ಹೆಸರಿಗೆ ಬೇಡವೇ ಬೇಡ. ಬೀದಿಯ ಒಬ್ಬರೇ ಹಿರಿಯರ ಹೆಸರಿಗೂ ಬೇಡ. ಅವರು ಉಯಿಲು ಬರೆಯದೆ ತೀರಿಕೊಂಡರೆ ಜಾಗ ಹತ್ತು ವಾರಸುದಾರರಿಗೆ ಹರಿದು ಹಂಚಿಹೋಗುತ್ತದೆ. ಅಮೆರಿಕದ ದಕ್ಷಿಣದಲ್ಲಿ ಕಪ್ಪು ರೈತರು ಇದೇ ರೀತಿಯಲ್ಲಿ ಎಷ್ಟೋ ಭೂಮಿ ಕಳೆದುಕೊಂಡಿದ್ದಾರೆ. ಬೀದಿಯವರ ಸಂಘವೊಂದನ್ನು ನೋಂದಾಯಿಸಿ, ಅದರ ಹೆಸರಿಗೆ ಮಾಡಿಸಿ. ಬ್ಯಾಂಕ್ ಖಾತೆಗೆ ಇಬ್ಬರು ನಿವಾಸಿಗಳ ಸಹಿ ಇರಲಿ. ದೇಣಿಗೆಗೆ ಅರ್ಜಿ ಬರೆಯಲು ನಾವು ಸಹಾಯ ಮಾಡಬಹುದು, ಹಣ ಮಾತ್ರ ಅವರ ಖಾತೆಗೇ ಬರಬೇಕು.

ಕೊಂಡಾದ ಮೇಲೆ ತೆರಿಗೆ ಮರೆಯಬೇಡಿ. ಮಿಷಿಗನ್‌ನಲ್ಲಿ ಆಸ್ತಿ ತೆರಿಗೆ ಮೂರು ವರ್ಷ ಬಾಕಿ ಬಿದ್ದರೆ ಕೌಂಟಿ ಆಸ್ತಿಯನ್ನು ಕಿತ್ತುಕೊಳ್ಳಬಹುದು. ಬಿಲ್ಲು ಯಾವ ವಿಳಾಸಕ್ಕೆ ಬರುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಖಾಲಿ ಸೈಟಿಗೆ ಅಂಚೆಯವನು ಬರಲ್ಲ!

"ಕಾಗದ ಆಮೇಲೆ ನೋಡೋಣ, ಈಗ ಯಾರು ಕೇಳ್ತಾರೆ" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ನ್ಯೂಯಾರ್ಕ್ ತೋರಿಸಿ. 1999ರಲ್ಲಿ ಅಲ್ಲಿನ ನಗರಾಡಳಿತ ನೂರಕ್ಕೂ ಹೆಚ್ಚು ಸಮುದಾಯ ತೋಟಗಳನ್ನು ಹರಾಜಿಗಿಡಲು ಹೊರಟಿತ್ತು. ಜನ ಬೀದಿಗಿಳಿದರು. ಕೊನೆಗೆ ಎರಡು ಸಂಸ್ಥೆಗಳು ದುಡ್ಡು ಕೊಟ್ಟು ಆ ಜಾಗಗಳನ್ನು ಕೊಂಡು ಉಳಿಸಿದವು. ಪ್ರತಿ ಸಲವೂ ಹಾಗೆ ಯಾರೋ ಬರುತ್ತಾರೆ ಅಂತ ನಂಬಿಕೊಂಡು ಕೂರಲು ಆಗಲ್ಲ, ಅಲ್ವಾ?

## ಹಂತ 3: ಮಣ್ಣಲ್ಲಿ ಸೀಸ ಇದೆಯೇ?

ಇದೊಂದು ಹಂತವನ್ನು ಹಾರಿಸಿದರೆ ಉಳಿದದ್ದೆಲ್ಲ ವ್ಯರ್ಥ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದ ಮನೆಗಳಲ್ಲಿ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಗಳ ಬಣ್ಣ ಸುಲಿದು ಉದುರಿ ಸುತ್ತಲ ಮಣ್ಣು ಸೇರಿದೆ. ಸೀಸ ಬೆರೆಸಿದ ಪೆಟ್ರೋಲಿನ ಹೊಗೆ ರಸ್ತೆ ಬದಿಯ ಮಣ್ಣಿಗೆ ಇಳಿದಿದೆ. ಸೀಸ ಕೊಳೆಯಲ್ಲ, ಕರಗಿ ಹೋಗಲ್ಲ. ಐವತ್ತು ವರ್ಷದ ಹಿಂದೆ ಬಿದ್ದದ್ದು ಇವತ್ತೂ ಮೇಲ್ಮಣ್ಣಿನಲ್ಲೇ ಇರುತ್ತದೆ. ಇದರ ಏಟು ಬೀಳುವುದು ಸಣ್ಣ ಮಕ್ಕಳ ಮಿದುಳಿಗೆ. ಅವರು ಮಣ್ಣಾದ ಕೈಯನ್ನು ಬಾಯಿಗಿಡುತ್ತಾರೆ.

ಮಾದರಿ ತೆಗೆಯುವ ಕ್ರಮ ಹೀಗೆ. ಸೈಟನ್ನು ಮೂರು ಭಾಗ ಮಾಡಿ: ರಸ್ತೆ ಪಕ್ಕದ ಪಟ್ಟಿ, ಹಳೆಯ ಮನೆ ನಿಂತಿದ್ದ ಜಾಗ ಮತ್ತು ಅದರ ಸುತ್ತು, ಹಿತ್ತಲು. ಪ್ರತಿ ಭಾಗದಲ್ಲೂ ಹತ್ತು ಹನ್ನೆರಡು ಕಡೆ ಮೇಲಿನ 6 ಇಂಚು ಮಣ್ಣು ತೆಗೆದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ. ಲೋಹದ ಬಕೆಟ್ ಬೇಡ. ಪೇಪರ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ, ಎರಡು ಲೋಟದಷ್ಟು ಪೊಟ್ಟಣ ಕಟ್ಟಿ. ಮೂರು ಭಾಗಕ್ಕೆ ಮೂರು ಪೊಟ್ಟಣ. ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿದರೆ ಮನೆ ಗೋಡೆಯ ಬಳಿಯ ಕೆಟ್ಟ ಮಣ್ಣು ಹಿತ್ತಲಿನ ಒಳ್ಳೆ ಮಣ್ಣಿನಲ್ಲಿ ಅಡಗಿಬಿಡುತ್ತದೆ.

ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದು: ಪ್ರಯೋಗಾಲಯಕ್ಕೆ ಬರೀ 'ಮಣ್ಣಿನ ಪರೀಕ್ಷೆ' ಅಂತ ಬರೆದು ಕಳಿಸುವುದು. ಸಾಮಾನ್ಯ ಪರೀಕ್ಷೆಯಲ್ಲಿ ರಂಜಕ, ಪೊಟ್ಯಾಶ್, ಪಿಎಚ್ ಮಾತ್ರ ನೋಡುತ್ತಾರೆ. ಸೀಸ ಬೇಕು ಅಂತ ಬೇರೆಯಾಗಿ ಬರೆಯಬೇಕು. ವರದಿಯಲ್ಲಿ 'ಮಣ್ಣು ಚೆನ್ನಾಗಿದೆ' ಅಂತ ಬಂದದ್ದನ್ನು ನೋಡಿ ಖುಷಿಯಾಗಿ ಬಿತ್ತಿದವರನ್ನು ನಾನು ಬಲ್ಲೆ. ಅದರಲ್ಲಿ ಸೀಸದ ಸುದ್ದಿಯೇ ಇರಲಿಲ್ಲ.

ಅಂಕಿ ಬಂದ ಮೇಲೆ ಏನು? ಮನೆ ಸುತ್ತಲ ಮಣ್ಣಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟಿದ್ದ ಎಚ್ಚರಿಕೆಯ ಮಟ್ಟ 400 ಪಿಪಿಎಂ. 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು. ಪಿಪಿಎಂ ಅಂದರೆ ಒಂದು ಕಿಲೋ ಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಅಂತ. ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು. 100ಕ್ಕಿಂತ ಕಡಿಮೆ ಬಂದರೆ ಕಾಂಪೋಸ್ಟ್ ಸೇರಿಸಿ ನೆಲದಲ್ಲೇ ಬೆಳೆಯಿರಿ. 100ರಿಂದ 400ರವರೆಗೆ ಏರುಮಡಿಯಲ್ಲಿ, ಅಂದರೆ ನೆಲದ ಮೇಲೆ ಹಲಗೆ ಕಟ್ಟಿ ಹೊರಗಿನ ಮಣ್ಣು ತುಂಬಿದ ಮಡಿಯಲ್ಲಿ ಮಾತ್ರ. 400 ದಾಟಿದರೆ ಏರುಮಡಿಯ ಅಡಿಗೆ ದಪ್ಪ ಬಟ್ಟೆ ಹಾಸಿ, ಉಳಿದ ನೆಲವನ್ನೆಲ್ಲ ಮರದ ಚೂರಿನಿಂದ ಮುಚ್ಚಿ. 1000 ಮುಟ್ಟಿದರೆ ಆ ಜಾಗ ಬಿಟ್ಟುಬಿಡಿ, ಬೇರೆ ಸೈಟು ನೋಡಿ. ಹುಲ್ಲು ಬೆಳೆಸಿ ಮುಚ್ಚಿಡಲಿ.

ಸೊಪ್ಪು ಮತ್ತು ಗೆಡ್ಡೆಗಳಿಗೆ ಸೀಸ ಹೆಚ್ಚು ಅಂಟುತ್ತದೆ. ಟೊಮೆಟೊ, ಬದನೆ, ಬೆಂಡೆಯಂಥ ಕಾಯಿಗಳಿಗೆ ಕಡಿಮೆ. ಆದರೂ ಹೆಚ್ಚಿನ ಅಪಾಯ ಬೇರಿನಿಂದಲ್ಲ, ಧೂಳಿನಿಂದ. ಹಾಗಾಗಿ ಬರೀ ಮಣ್ಣು ಎಲ್ಲೂ ಕಾಣದ ಹಾಗೆ ಮುಚ್ಚಿ. ತೋಟದ ಚಪ್ಪಲಿಯನ್ನು ಮನೆಯೊಳಗೆ ಒಯ್ಯಬೇಡಿ. ಕೈ ತೊಳೆಯಲು ನೀರು, ಸೋಪು ಗೇಟಿನ ಹತ್ತಿರವೇ ಇರಲಿ.

## ಹಂತ 4: ನೆಲದಡಿ ಏನಿದೆ?

ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ. ಮೂರು ಕೆಲಸದ ದಿನ ಮೊದಲೇ ಹೇಳಬೇಕು. ಗ್ಯಾಸ್, ಕರೆಂಟ್ ಲೈನು ಎಲ್ಲಿದೆ ಅಂತ ಬಣ್ಣ ಹಚ್ಚಿ ಹೋಗುತ್ತಾರೆ. ಇದು ಪುಕ್ಕಟೆ.

ಆಮೇಲೆ ಹಾರೆ ಇಳಿಸಿ ನೋಡಿ. ಮನೆ ಕೆಡವಿದ ಸೈಟಿನಲ್ಲಿ ಅರ್ಧ ಅಡಿಗೇ ಇಟ್ಟಿಗೆ, ಕಾಂಕ್ರೀಟು ಠಣ್ ಅನ್ನುತ್ತದೆ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿ ಬಿಡಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ನೆಲ ಬುಲ್ಡೋಜರ್ ತುಳಿತಕ್ಕೆ ಗಟ್ಟಿಯಾಗಿದೆ ಅಂತ ಅರ್ಥ. ಅಲ್ಲಿ ಸೀಸ ಇಲ್ಲದಿದ್ದರೂ ಏರುಮಡಿಯೇ ಸರಿ.

ಬೇವಿನೆಲೆಯಂಥ ಉದ್ದ ಎಲೆಯ, ಕೆಟ್ಟ ವಾಸನೆಯ ಗಿಡ ಗುಂಪಾಗಿ ಬೆಳೆದಿದ್ದರೆ ಅದು ಐಲಾಂಥಸ್. ಸುಮ್ನೆ ಕಡಿದರೆ ಬೇರಿನಿಂದ ಹತ್ತು ಕಡೆ ಚಿಗುರುತ್ತದೆ. ಸಸಿಯಾಗಿದ್ದಾಗಲೇ, ನೆಲ ಒದ್ದೆಯಿರುವಾಗ ಬೇರು ಸಮೇತ ಕೀಳಿ. ದೊಡ್ಡ ಮರವಾಗಿದ್ದರೆ ತಿಳಿದವರನ್ನು ಕೇಳದೆ ಮುಟ್ಟಬೇಡಿ.

## ಹಂತ 5: ನೀರಿನ ಲೆಕ್ಕ, ಕಾಗದದ ಮೇಲೆ

ಮಳೆನೀರಿನ ಒಂದು ಡ್ರಮ್ ಇಟ್ಟರೆ ಸಾಕು ಅನ್ನುವುದು ಎಲ್ಲರ ನಂಬಿಕೆ. ಲೆಕ್ಕ ಹಾಕಿ ನೋಡಿ. 4 ಅಡಿಗೆ 8 ಅಡಿಯ ಒಂದು ಮಡಿಗೆ ವಾರಕ್ಕೆ ಒಂದು ಇಂಚು ನೀರು ಬೇಕು. ಅದು 20 ಗ್ಯಾಲನ್, ಅಂದರೆ ಸುಮಾರು 75 ಲೀಟರ್. ಹತ್ತು ಮಡಿಗೆ 750 ಲೀಟರ್. ಡ್ರಮ್ ಹಿಡಿಯುವುದು 55 ಗ್ಯಾಲನ್, ಸುಮಾರು 208 ಲೀಟರ್. ಜುಲೈನಲ್ಲಿ ಮಳೆ ಹತ್ತು ದಿನ ಕೈಕೊಟ್ಟರೆ ಒಂದು ಡ್ರಮ್ ಎರಡು ದಿನಕ್ಕೂ ಬರಲ್ಲ.

ಮೂರು ದಾರಿ ಇವೆ. ನಗರದ ಅನುಮತಿ ಪಡೆದು ನೀರು ತೆಗೆದುಕೊಳ್ಳುವುದು. ಪಕ್ಕದ ಮನೆಯ ನಲ್ಲಿಯಿಂದ ಪೈಪು ಎಳೆದು, ಅವರ ಬಿಲ್ಲಿನ ಹೆಚ್ಚುವರಿ ಹಣವನ್ನು ಸಂಘದಿಂದ ತಿಂಗಳು ತಿಂಗಳು ಕೊಡುವುದು. ಇಲ್ಲವೇ 275 ಗ್ಯಾಲನ್‌ನ ದೊಡ್ಡ ಚೌಕ ಟ್ಯಾಂಕುಗಳನ್ನು ಇಡುವುದು. ಟ್ಯಾಂಕು ಮೊದಲು ಆಹಾರ ಪದಾರ್ಥ ತುಂಬಿದ್ದೇ ಆಗಿರಬೇಕು, ರಾಸಾಯನಿಕ ತುಂಬಿದ್ದು ಬೇಡ. ಬಾಯಿಗೆ ಜಾಲರಿ ಕಟ್ಟದಿದ್ದರೆ ಸೊಳ್ಳೆ.

ಎರಡನೆಯ ದಾರಿಯಲ್ಲಿ ಜಗಳ ಹುಟ್ಟುವುದು ಬಾಯಿಮಾತಿನ ಲೆಕ್ಕದಿಂದ. ಡೆಟ್ರಾಯಿಟ್‌ನಲ್ಲಿ ನೀರಿನ ಬಿಲ್ ಬಾಕಿ ಬಿದ್ದು ಸಾವಿರಾರು ಮನೆಗಳ ನಲ್ಲಿ ಕಟ್ ಆಗಿದ್ದನ್ನು ಜನ ಇನ್ನೂ ಮರೆತಿಲ್ಲ. ನೀರು ಕೊಟ್ಟವರಿಗೆ ಒಂದು ಡಾಲರೂ ಬಾಕಿ ಉಳಿಯಬಾರದು.

## ಹಂತ 6: ಮಡಿ ಕಟ್ಟುವುದು

ಅಕ್ಟೋಬರ್‌ನಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಮೇಲೆ ರಟ್ಟು ಹಾಸಿ. ರಟ್ಟಿನ ಟೇಪು, ಸ್ಟೇಪಲ್ ಪಿನ್ನು ಕಿತ್ತು ತೆಗೆಯಿರಿ. ಅಂಚುಗಳು ಒಂದರ ಮೇಲೊಂದು ಗೇಣುದ್ದ ಕೂರಲಿ. ಅದರ ಮೇಲೆ 4ರಿಂದ 6 ಇಂಚು ಮರದ ಚೂರು. ಮರ ಕಡಿಯುವ ಕಂಪನಿಗಳು ಇದನ್ನು ಎಷ್ಟೋ ಸಲ ಪುಕ್ಕಟೆ ತಂದು ಸುರಿಯುತ್ತವೆ. ವಸಂತದಲ್ಲಿ ಅಡಿಯ ಹುಲ್ಲು ಸತ್ತಿರುತ್ತದೆ.

ಮಡಿಯ ಅಗಲ 4 ಅಡಿ ದಾಟಬಾರದು. ಎರಡೂ ಕಡೆಯಿಂದ ಕೈಗೆ ಎಟುಕಬೇಕಲ್ಲ! ಎತ್ತರ ಕನಿಷ್ಠ ಒಂದು ಅಡಿ. ಬೀದಿಬದಿಯ ಎರಡು ಮಡಿ ಮಾತ್ರ 2 ಅಡಿ ಎತ್ತರ ಇರಲಿ, ಅಂಚಿನ ಮೇಲೆ ಅಗಲ ಹಲಗೆ ಕೂರಿಸಿ. ಬೆಳೆ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿರುವವರು ಮೊಣಕಾಲು ನೋವಿನ ಹಿರಿಯರು. ಅವರು ಕೂತುಕೊಂಡೇ ಕೆಲಸ ಮಾಡುವಂತಿರಬೇಕು. ನಡುವಿನ ದಾರಿ 3 ಅಡಿಗೆ ಕಡಿಮೆ ಬೇಡ, ಗಾಲಿಕುರ್ಚಿಯೂ ತಳ್ಳುಗಾಡಿಯೂ ಓಡಾಡಬೇಕು.

ಹಲಗೆ ಯಾವುದು? ರೈಲು ಹಳಿಯ ದಿಮ್ಮಿ ಬೇಡ, ಅದಕ್ಕೆ ವಿಷದ ಎಣ್ಣೆ ಬಳಿದಿರುತ್ತಾರೆ. 2004ಕ್ಕಿಂತ ಹಳೆಯ ಹಸಿರುಛಾಯೆಯ ಹಲಗೆಯಲ್ಲಿ ಆರ್ಸೆನಿಕ್ ಇರುತ್ತದೆ. ಸರಕು ಸಾಗಿಸುವ ಪ್ಯಾಲೆಟ್ ಆದರೆ 'ಎಚ್‌ಟಿ' ಮುದ್ರೆ ಇರುವುದನ್ನು, ಅಂದರೆ ಬರೀ ಬಿಸಿಯಿಂದ ಸಂಸ್ಕರಿಸಿದ್ದನ್ನು ಮಾತ್ರ ತನ್ನಿ. 'ಎಂಬಿ' ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಹಾಯಿಸಿದ್ದು, ಮುಟ್ಟಬೇಡಿ.

ಎತ್ತರದ ಎರಡೂ ಸೇರಿ ಹತ್ತು ಮಡಿಗೆ 384 ಘನ ಅಡಿ ಮಣ್ಣು ಬೇಕು. ಅಂಗಡಿಯ ಚೀಲ ತಂದರೆ ದಿವಾಳಿ. ಲೋಡಿನ ಲೆಕ್ಕದಲ್ಲಿ 15 ಘನ ಗಜ ತರಿಸಿ. ತರಿಸುವ ಮೊದಲು ಒಂದು ಬಕೆಟ್ ತಂದು ಪರೀಕ್ಷೆ ಮಾಡಿ: ಮೂರು ಕುಂಡದಲ್ಲಿ ಆ ಮಣ್ಣು, ಮೂರರಲ್ಲಿ ನಿಮ್ಮ ಮನೆಯ ಮಣ್ಣು, ಎಲ್ಲದಕ್ಕೂ ಬೀನ್ಸ್ ಬೀಜ. ಮೂರು ವಾರದಲ್ಲಿ ಹೊಸ ಮಣ್ಣಿನ ಎಲೆ ಮಾತ್ರ ಬಟ್ಟಲಿನ ಹಾಗೆ ಮುದುಡಿಕೊಂಡರೆ ಅದರಲ್ಲಿ ಕಳೆನಾಶಕ ಉಳಿದಿದೆ. ಒಮ್ಮೆ ಈ ಪರೀಕ್ಷೆ ಮಾಡದೆ ಒಂದು ಕಡೆಯಿಂದ ಲಾರಿಗಟ್ಟಲೆ ಕಾಂಪೋಸ್ಟ್ ತರಿಸಿ ಆ ವರ್ಷದ ಟೊಮೆಟೊ ಪೂರ್ತಿ ಕಳೆದುಕೊಂಡೆವು. ಅವತ್ತಿನಿಂದ ನನ್ನ ಕಿಟಕಿಯಲ್ಲಿ ಮಾರ್ಚ್ ಬಂದರೆ ಆರು ಕುಂಡ.

## ಹಂತ 7: ಏನು ಬೆಳೆಯಬೇಕು, ಯಾವಾಗ

ಏನು ಅಂತ ಬೀದಿಯವರು ಹೇಳುತ್ತಾರೆ. ನಮ್ಮವರು ಮೆಂತ್ಯ, ಹರಿವೆ ಬೀಜ ಹಿಡಿದು ಹೋಗುತ್ತಾರೆ. ಒಂದು ಮಡಿಗೆ ಸರಿ, ಹತ್ತಕ್ಕಲ್ಲ. ಅವರು ಕೇಳುವುದು ಕೊಲಾರ್ಡ್, ಸಾಸಿವೆ ಸೊಪ್ಪು, ಗೆಣಸು, ಅಲಸಂದೆ, ಬೆಂಡೆ. ಅಲಸಂದೆ ಆಫ್ರಿಕಾದಿಂದಲೇ ನಮ್ಮ ಅಡುಗೆಮನೆಗೂ ಬಂದದ್ದು, ಬೆಂಡೆಯೂ ಅಲ್ಲಿಯದೇ ಅನ್ನುವವರಿದ್ದಾರೆ. ಅವರಿಗೆ ಬೆಂಡೆ ಬೆಳೆಯುವುದನ್ನು ಹೇಳಿಕೊಡಲು ಹೋಗುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ಕೊಲಾರ್ಡ್ ಎಲೆಕೋಸಿನ ಬಳಗದ ಸೊಪ್ಪು. ಮಾರ್ಚ್ ನಡುವಿಗೆ ಮನೆಯೊಳಗೆ ಸಸಿ ಹಾಕಿ, ಏಪ್ರಿಲ್ ಕೊನೆಗೆ ಒಂದೂವರೆ ಅಡಿ ಅಂತರದಲ್ಲಿ ನೆಡಿ. ಎಲೆ ಮೇಲೆ ತೂತು, ಹಸಿರು ಹಿಕ್ಕೆ ಕಂಡರೆ ಎಲೆ ತಿರುಗಿಸಿ ನೋಡಿ, ಹುಳು ಅಲ್ಲೇ ಇರುತ್ತದೆ. ಬಿಳಿ ಚಿಟ್ಟೆ ಹಾರಾಡುವ ಮೊದಲೇ ತೆಳುಬಟ್ಟೆ ಹೊದಿಸಿದರೆ ಈ ತಲೆನೋವಿಲ್ಲ. ಜುಲೈನಲ್ಲಿ ಇನ್ನೊಂದು ಸಲ ಸಸಿ ಹಾಕುವುದನ್ನು ಎಲ್ಲರೂ ಮರೆಯುತ್ತಾರೆ. ಒಳ್ಳೆ ಬೆಳೆ ಅದೇ. ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಬಡಿದ ಮೇಲೆ ಸೊಪ್ಪು ಸಿಹಿಯಾಗುತ್ತದೆ, ಹಬ್ಬದ ಊಟಕ್ಕೆ ಸರಿಯಾಗಿ ಕೈಗೆ ಬರುತ್ತದೆ.

ಬೆಂಡೆ, ಅಲಸಂದೆ, ಗೆಣಸು ಮೂರೂ ಬಿಸಿಯ ಬೆಳೆ. ಡೆಟ್ರಾಯಿಟ್‌ನಲ್ಲಿ ಕೊನೆಯ ಫ್ರಾಸ್ಟ್ ಮೇ ನಡುವಿನ ತನಕವೂ ಬೀಳಬಹುದು. ಬಿಸಿಲು ನೋಡಿ ಮೇ ಮೊದಲ ವಾರ ಬೆಂಡೆ ಊರಿದರೆ ಬೀಜ ಕೊಳೆಯುತ್ತದೆ. ಮಣ್ಣು 18 ಡಿಗ್ರಿ ಸೆಲ್ಸಿಯಸ್ ದಾಟುವ ತನಕ, ಸಾಮಾನ್ಯವಾಗಿ ಜೂನ್ ಶುರುವಿನ ತನಕ, ಕಾಯಿರಿ. ಬೀಜವನ್ನು ಹಿಂದಿನ ರಾತ್ರಿ ನೆನೆಹಾಕಿ. ಕಾಯಿ 3 ಇಂಚಾದಾಗ ಎರಡು ದಿನಕ್ಕೊಮ್ಮೆ ಕೀಳಲೇಬೇಕು. ಬಲಿಯಲು ಬಿಟ್ಟರೆ ಗಿಡ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ.

## ಹಂತ 8: ಬೀಗದ ಕೈ ಯಾರ ಹತ್ತಿರ?

ನೀರಿನ ಬೀಗ, ಸಾಮಾನಿನ ಪೆಟ್ಟಿಗೆಯ ಬೀಗ, ಎರಡರ ಕೈಗಳೂ ಬೀದಿಯ ಇಬ್ಬರ ಮನೆಯಲ್ಲಿರಬೇಕು. ನಮ್ಮ ಕಾರಿನಲ್ಲಿ ಅಲ್ಲ. ಬೀಗದ ಕೈ ನಮ್ಮ ಹತ್ತಿರ ಉಳಿದರೆ ವಾರದ ನಡುವೆ ನೀರು ಹಾಕುವವರು ಯಾರು? ಮೊದಲ ವರ್ಷ ನಮ್ಮ ಗಿಡ ಒಣಗಿದ್ದು ಇದೊಂದೇ ಕಾರಣಕ್ಕೆ.

ಬೇಲಿಯ ಹೊರಗೆ, ಕಾಲುದಾರಿಯ ಪಕ್ಕ ಒಂದು ಮಡಿ ಬಿಡಿ. ಹಾದು ಹೋಗುವವರು ಯಾರು ಬೇಕಾದರೂ ಕಿತ್ತುಕೊಳ್ಳಲಿ ಅಂತ ಬೋರ್ಡ್ ಹಾಕಿ. ಅದನ್ನು ಮಾಡಿದ ಮೇಲೆ ಒಳಗಿನ ಟೊಮೆಟೊ ಕಳವು ನಮ್ಮಲ್ಲಿ ಬಹುಪಾಲು ನಿಂತಿತು. ಉಳಿದ ಬೆಳೆಯ ಪಾಲು ಹೇಗೆ ಅನ್ನುವುದನ್ನು ಬಿತ್ತುವ ಮೊದಲೇ ಬರೆದಿಡಿ. ಮಕ್ಕಳ ಫೋಟೊ ತೆಗೆಯುವ ಮೊದಲು ಅವರ ಮನೆಯವರನ್ನು ಕೇಳಿ.

ಕಾಂಪೋಸ್ಟ್ ಗುಂಡಿ ತೆರೆದಿಟ್ಟರೆ ಇಲಿ ಬರುತ್ತದೆ, ಇಲಿ ಬಂದರೆ ಬೀದಿಯ ಬೆಂಬಲ ಹೋಗುತ್ತದೆ. ಮುಚ್ಚಳ ಇರುವ ಪೆಟ್ಟಿಗೆ, ಅಡಿಗೆ ತಂತಿಜಾಲರಿ. ಮಾಂಸ, ಎಣ್ಣೆ, ಬೇಯಿಸಿದ ಅನ್ನ ಹಾಕಬೇಡಿ.

## ಹಂತ 9: ಅಕ್ಟೋಬರ್‌ನ ಕೆಲಸ

ಗೆಣಸನ್ನು ಮೊದಲ ಫ್ರಾಸ್ಟ್‌ಗೆ ಮುಂಚೆ, ಅಂದರೆ ಅಕ್ಟೋಬರ್ ಮೊದಲ ವಾರದೊಳಗೆ ಅಗೆದು ತೆಗೆಯಿರಿ. ಖಾಲಿಯಾದ ಮಡಿಯಲ್ಲಿ ಬೆಳ್ಳುಳ್ಳಿ ಎಸಳು ಊರಿ ಒಣ ಎಲೆ ಹೊದಿಸಿ. ಮಣ್ಣು ಮೊದಲ ವರ್ಷ ಎರಡು ಮೂರು ಇಂಚು ಕುಸಿದಿರುತ್ತದೆ, ಮೇಲೆ ಕಾಂಪೋಸ್ಟ್ ತುಂಬಿ. ಟ್ಯಾಂಕು, ಪೈಪು ಪೂರ್ತಿ ಬರಿದು ಮಾಡಿ ನಲ್ಲಿ ತೆರೆದೇ ಬಿಡಿ, ಇಲ್ಲದಿದ್ದರೆ ಜನವರಿಯಲ್ಲಿ ಒಡೆಯುತ್ತದೆ. ಕುರ್ಚಿಗಳನ್ನು ಮಾತ್ರ ಪೆಟ್ಟಿಗೆಗೆ ಹಾಕಬೇಡಿ. ಮುಂದಿನ ವರ್ಷ ಯಾರು ಯಾವ ಮಡಿ ನೋಡಿಕೊಳ್ಳುತ್ತಾರೆ ಅನ್ನುವ ಸಭೆ ಇನ್ನೂ ಬಾಕಿ ಇದೆ.